ವಾಲ್ವ್ ಮಾಮನ ಕಾಗದದ ಹೂ

ಮೂವತ್ತು ವರ್ಷ ಬೀದಿಬೀದಿಯ ವಾಲ್ವ್ ತಿರುಗಿಸಿ ಮನೆಮನೆಯ ನಲ್ಲಿಗೆ ನೀರು ಬಿಟ್ಟು ನಿವೃತ್ತರಾದ ವಾಲ್ವ್ ಮಾಮನಿಗೆ ಈಗ ನೀರು ಕಂಡರೆ ಆಗುವುದಿಲ್ಲ. ಕಾಂಪೌಂಡಿನ ಉದ್ದಕ್ಕೂ ಅವರು ಬೆಳೆಸಿದ ಕಾಗದದ ಹೂವಿನ ಗಿಡಗಳು ಬಿಸಿಲು ಏರಿದಷ್ಟೂ ಗೋಡೆ ಕಾಣದ ಹಾಗೆ ಹೂ ಬಿಡುತ್ತವೆ. ಯಾರು ಕೇಳಿದರೂ ಒಂದು ಕಡ್ಡಿ ಕತ್ತರಿಸಿ ಕೊಡುತ್ತಾರೆ, ಜೊತೆಗೆ ಉಪದೇಶವೂ ಪುಕ್ಕಟೆ: "ಬೇರು ಹಿಡಿಯೋವರೆಗೆ ಮುದ್ದು ಮಾಡಿ, ಆಮೇಲೆ ಮರೆತುಬಿಡಿ. ನೀರು ಹೆಚ್ಚಾದ್ರೆ ಎಲೆ, ಕಮ್ಮಿಯಾದ್ರೆ ಹೂ!" ಅಷ್ಟಕ್ಕೇ ಬಿಡುವುದಿಲ್ಲ, ವಾರಕ್ಕೊಮ್ಮೆ ಆ ಮನೆಗೇ ಹೋಗಿ ಕುಂಡದ ಮಣ್ಣಿಗೆ ಬೆರಳು ಹಾಕಿ ನೋಡುತ್ತಾರೆ. ತೇವ ಸಿಕ್ಕಿತೋ, "ಯಾರಮ್ಮಾ ನೀರು ಹಾಕಿದ್ದು?" ಎಂದು ಗದರುತ್ತಾರೆ, ಮನೆಯವರೆಲ್ಲ ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡಬೇಕು. ಮೋಡ ಕವಿದರೆ ಗಿಡಗಳಿಗೆ ಕೊಡೆ ಹಿಡಿಯುತ್ತಾರೆಂಬ ಸುದ್ದಿಯೂ ಉಂಟು. ಆದರೆ ಅವರದೇ ಮನೆಯ ಮೆಟ್ಟಿಲ ಪಕ್ಕದ ಗಿಡದಲ್ಲಿ ಬರೀ ಎಲೆ. ಕೇಳಿದರೆ, "ಅದರ ಜಾತಿನೇ ಹಾಗೆ" ಎಂದು ಮಾತು ಮರೆಸುತ್ತಾರೆ. ಆ ಮೆಟ್ಟಿಲ ಮೇಲೆ ಅವರ ತೊಂಬತ್ತರ ತಾಯಿ ಕೂತಿರುತ್ತಾರೆ. ಆಗಷ್ಟೇ ನೀರು ಹಾಕಿದ್ದು ಮರೆತುಹೋಗಿ, "ಪಾಪ, ಗಿಡ ಒಣಗ್ತಿದೆ ಕಣೋ" ಎಂದು ದಿನಕ್ಕೆ ಹತ್ತು ಸಲ ತಂಬಿಗೆ ಬಗ್ಗಿಸುತ್ತಾರೆ. "ಹೌದಮ್ಮಾ, ನಾನು ನೋಡೇ ಇರ್ಲಿಲ್ಲ" ಎನ್ನುತ್ತಾ ಮಾಮ ಹತ್ತು ಸಲವೂ ತಂಬಿಗೆ ತುಂಬಿಸಿ ತಂದುಕೊಡುತ್ತಾರೆ.