ಆನೆ ಬಂದ ಬೆಳಗ್ಗೆ ನಾನು ಮಾಡಿದ್ದು

ನಮ್ಮ ರಾಗಿ ಕಣಕ್ಕೆ ಆನೆ ಬಂದು ಹೋಗಕ್ಕೆ ಹಿಡಿದಿದ್ದು ಐದು ನಿಮಿಷ. ಅದನ್ನ ಕೇಳಕ್ಕೆ ಜನ ಬಂದು ಹೋಗಕ್ಕೆ ಹದಿನೈದು ದಿನ ಹಿಡೀತು.

ಅವತ್ತು ನಾನೂ ಎಂಟು ವರ್ಷದ ಮೊಮ್ಮಗಳೂ ಡೈರಿಗೆ ಹಾಲು ಹಾಕಕ್ಕೆ ಹೊರಟಿದ್ವಿ. ದಿನಾ ಹಂಗೇ, ಕ್ಯಾನಿನ ಹಿಡಿಗೆ ಅವಳದೊಂದು ಕೈ, ನನ್ನದೊಂದು ಕೈ. ರಾಗಿ ಮೆದೆ ಪಕ್ಕದಲ್ಲಿ ಒಂಟಿ ಸಲಗ ನಿಂತಿತ್ತು. ನಾನು ಓಡಿದೆ. ಮಗು ಕೈ ಹಿಡ್ಕೊಂಡು ಅಲ್ಲ, ಒಬ್ಬನೇ. ಮಂಡಿ ನೋವು ಅಂತ ಎರಡು ವರ್ಷದಿಂದ ಮಾತ್ರೆ ನುಂಗ್ತಿದ್ದೆ, ಅವತ್ತು ಕಾಲು ಚೆನ್ನಾಗೇ ಓಡ್ತು.

ಆನೆ ಹೋದ ಮೇಲೆ ವಾಪಸ್ ಬಂದೆ. ಅವಳು ಕಲ್ಲು ತೊಟ್ಟಿ ಹಿಂದೆ ಮುದುಡ್ಕೊಂಡು ಕೂತಿದ್ದಳು. ಎತ್ಕೊಂಡೆ. ಅಷ್ಟರಲ್ಲಿ ಊರೋರು ಬಂದರು, ಮಗು ನನ್ನ ತೋಳಲ್ಲಿರೋದು ನೋಡಿದರು, ಮಿಕ್ಕ ಕತೆ ಅವರೇ ಕಟ್ಟಿದರು. ಸುಮ್ಮನಿರೋದು ಸುಳ್ಳಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ.

ನಮ್ಮ ಕಡೆ ಏನಾದ್ರೂ ಆದ್ರೆ ಬ್ರೆಡ್ಡು, ಮೋಸಂಬಿ ಹಿಡ್ಕೊಂಡು ನೋಡಕ್ಕೆ ಬರ್ತಾರೆ. ಉದ್ದನಪಲ್ಲಿಯಿಂದ ಬೀಗರು, ಹೊಸೂರಿಂದ ಮಗನ ಫ್ಯಾಕ್ಟರಿಯೋರು. ಕಾಫಿ ಕುಡಿದು, ಮಗೂನ ಮುಂದೆ ನಿಲ್ಲಿಸ್ಕೊಂಡು, "ತಾತ ಹೆಂಗೆ ಕಾಪಾಡ್ದ, ಹೇಳಮ್ಮ" ಅನ್ನೋರು. ಅವಳು ನನ್ನ ಮುಖ ಒಂದು ಸಲ ನೋಡಿ, "ತಾತ ನನ್ನ ತಬ್ಕೊಂಡ್ಬುಟ್ಟ" ಅನ್ನೋಳು.

ಅವಳು ಹಾಸಿಗೆ ಒದ್ದೆ ಮಾಡಕ್ಕೆ ಶುರು ಮಾಡಿದಳು. ಸ್ಕೂಲಿಗೆ ಹೋಗಲ್ಲ ಅಂದಳು. ನನ್ನ ಜೊತೆ ಡೈರಿಗಂತೂ ಬರಲೇ ಇಲ್ಲ. ಸೊಸೆ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಕೊನೆಗೆ ಕೃಷ್ಣಗಿರಿಯಿಂದ ಒಬ್ಬರು ಮೇಡಂ ಬಂದರು, ಮಕ್ಕಳ ಮನಸ್ಸು ನೋಡೋರಂತೆ. ಮಗು ಕೈಲಿ ಪದೇ ಪದೇ ಕತೆ ಹೇಳಿಸಬೇಡಿ, ಅವಳಾಗೇ ಹೇಳಿದ್ರೆ ಕೇಳಿ, ದೊಡ್ಡೋರಿಗೂ ಭಯ ಆಗಿರುತ್ತೆ, ಮುಚ್ಚಿಡಬೇಡಿ ಅಂತ ತಮಿಳಲ್ಲಿ ಹೇಳಿದರು. ನನ್ನ ಹೆಸರೇನೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ, "ನನಗ್ಯಾತರ ಭಯ" ಅಂತ ನಾನೇ ಜೋರಾಗಿ ಅಂದೆ. ಮೊಮ್ಮಗಳು ಎದ್ದು ಒಳಕ್ಕೆ ಹೋದಳು.

ಆವಾಗ ಗೊತ್ತಾಯ್ತು. ಹದಿನೈದು ದಿನದಿಂದ ನನ್ನ ಮರ್ಯಾದೆ ಕಾಯ್ತಾ ಇದ್ದೋಳು ಅವಳು. ನನಗೆ ಬಹಳ ನಾಚಿಕೆ ಆಯ್ತು.

ಮಾರನೇ ದಿನ ರಾಯಕೋಟೆಯಿಂದ ನನ್ನ ತಂಗಿ ಮೋಸಂಬಿ ತಂದಳು, ಅದೇ ಪ್ರಶ್ನೆ ಕೇಳಿದಳು. ಮಗು ಬಾಯಿ ತೆಗೆಯೋ ಮುಂಚೆ ನಾನಂದೆ: "ಕಾಪಾಡಲಿಲ್ಲ ಕಣಮ್ಮ. ಮಗೂನ ಬಿಟ್ಟು ಓಡೋಗ್ಬುಟ್ಟೆ."

ತಂಗಿ ಮೋಸಂಬಿ ಸುಲಿಯೋದು ನಿಲ್ಲಿಸಿದಳು. ಸೊಸೆ ಅಡುಗೆಮನೆಯಿಂದ ಇಣುಕಿದಳು.

"ಚಪ್ಪಲಿನೂ ಬಿಟ್ಟು ಓಡ್ದ" ಅಂದಳು ಮೊಮ್ಮಗಳು.

ಆಮೇಲೆ ಎಲ್ಲಾ ಹೇಳಿದಳು. ಆನೆ ರಾಗಿ ತೆನೆ ಜಗಿಯೋ ಸದ್ದು, ತಾತಾ ಅಂತ ಕೂಗಕ್ಕೆ ಹೋದ್ರೆ ದನಿಯೇ ಬರದೇ ಇದ್ದಿದ್ದು. ಅದನ್ನ ಅಲ್ಲೀವರೆಗೂ ಯಾರೂ ಕೇಳಿರಲಿಲ್ಲ. ಕೇಳ್ತಾ ನಾನು ಅತ್ಬುಟ್ಟೆ.

ಸೊಸೆ ಎರಡು ದಿನ ಊಟ ಬಡಿಸಿದಳು, ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಕ್ಯಾನು ಎತ್ತಿದಾಗ ಹಗುರ ಅನ್ನಿಸ್ತು, ನೋಡಿದ್ರೆ ಹಿಡಿಯ ಆ ಕಡೆ ಮೊಮ್ಮಗಳ ಕೈ ಇತ್ತು. ಹಂಗೇ ಇಬ್ಬರೂ ಕಣ ದಾಟಿದ್ವಿ. ದಾಟಿದ ಮೇಲೆ ಅಂದಳು: "ತಾತ, ಈ ಸಲ ಓಡೋದಾದ್ರೆ ನಂಗೂ ಹೇಳ್ಬುಟ್ಟು ಓಡು."