ಅತ್ತೆ ಮೂಸಿ ನೋಡಿದ ಐಲಾ ವಿಸ್ಕಿ

ನಾವು ವಲಸೆ ಬಂದು ನೆಲೆಸಿರುವ ಥಾರ್ನ್‌ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಎಪ್ಪತ್ತು ದಾಟಿದ ಸ್ಕಾಟ್ಲೆಂಡಿನ ಒಬ್ಬ ಹಿರಿಯರು. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಹುಟ್ಟಿದ್ದು ಐಲಾ ಎಂಬ ದ್ವೀಪದಲ್ಲಿ. ಇಂಗ್ಲಿಷ್ ಕಾಗುಣಿತ ನೋಡಿ ನಾನು ‘ಐಸ್ಲೇ’ ಎಂದಾಗ ಅವರು ನಗದೆ, ತಾಳ್ಮೆಯಿಂದ ಮೂರು ಸಲ ಸರಿಯಾಗಿ ಹೇಳಿಸಿದ್ದರು. ಆ ದ್ವೀಪದ ವಿಸ್ಕಿಯನ್ನು ಬಿಟ್ಟು ಬೇರೆ ಊರಿನದನ್ನು ಅವರು ಮನೆಯೊಳಗೆ ತರುವುದಿಲ್ಲ.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಅವರು ನನ್ನನ್ನು ಕರೆಯುತ್ತಿದ್ದರು. ನಾಲ್ಕು ಗ್ಲಾಸಿಗೆ ಎರಡೆರಡು ಚಮಚ ಸುರಿದು, ಪರಿಮಳ ಹಾರಿಹೋಗದಂತೆ ಮೇಲೆ ಸಾಸರ್ ಮುಚ್ಚಿಡುತ್ತಿದ್ದರು. ಯಾವುದು ಯಾವ ಭಟ್ಟಿಯದು ಎಂದು ನಾನು ಹೇಳಬೇಕು. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾದ್ದರಿಂದ ಈ ಪರೀಕ್ಷೆ ನನಗೆ ಹಿಡಿಸಿಬಿಟ್ಟಿತ್ತು. ಎರಡು ವರ್ಷವಾದರೂ ನಾಲ್ಕರಲ್ಲಿ ಒಂದು ಸರಿಯಾದರೆ ಅದೇ ಹೆಚ್ಚು.

ಕಳೆದ ವರ್ಷ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಅತ್ತೆ ಬಂದರು. ಅವರು ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸ್ ಆಗಿದ್ದವರು. ಕುಡಿದು ಬಿದ್ದವರನ್ನು, ಕುಡಿದೇ ಹೋದವರನ್ನು ನೋಡಿದವರು. “ಅವ್ವ ಇರೋತನಕ ನಿಮ್ಮ ಸಾಸರ್ ಆಟ ಬಂದ್” ಎಂದಳು ಹೆಂಡತಿ. ನನ್ನಲ್ಲಿದ್ದ ಒಂದೇ ಬಾಟಲಿಯನ್ನು ಬೇಸ್‌ಮೆಂಟಿನಲ್ಲಿ ಮನೆ ಬಿಸಿಮಾಡುವ ಫರ್ನೇಸ್ ಹಿಂದೆ ಇಟ್ಟೆ.

ಮೂರನೇ ವಾರ ತಡೆಯಲಾಗಲಿಲ್ಲ. ಒಂದು ಸಂಜೆ ಕೆಳಗೆ ಹೋಗಿ, ಸ್ಟೀಲ್ ಲೋಟಕ್ಕೆ ಸ್ವಲ್ಪ ಸುರಿದು ಮೂಸಿದೆ, ಒಂದು ಗುಟುಕು ಕುಡಿದೆ. ಏನೂ ಆಗದವನಂತೆ ಮೇಲೆ ಬಂದಾಗ ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತಿದರು.

“ಯಾರಿಗೆ ಏನ್ ಹತ್ತೇತ್ರಿ? ಗಾಯಕ್ಕ ಹಚ್ಚೋ ಟಿಂಚರ್ ವಾಸನಿ ಬರಾಕತ್ತೈತಿ.”

“ಯಾರಿಗೂ ಏನೂ ಆಗಿಲ್ಲ ಅತ್ತೆ.”

“ಕೈ ತೋರಸ್ರಿ.” ಎದ್ದು ಬಂದು ನನ್ನ ಎರಡೂ ಕೈ ತಿರುಗಿಸಿ ನೋಡಿದರು. ಗಾಯವಿಲ್ಲ. ವಾಸನೆ ಮಾತ್ರ ಇದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ವಿಸ್ಕಿ ಎಂದೆ. ಒಲೆಯ ಮುಂದಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಳು.

ಅತ್ತೆ ಬೈಯಲಿಲ್ಲ. “ಬಚ್ಚಿಟ್ಟು ಕುಡಿಯೋರನ್ನ ವಾರ್ಡಿನಾಗ ಭಾಳ ನೋಡೇನಿ. ಬಾಟ್ಲಿ ಮ್ಯಾಲೆ ತಂದಿಡ್ರಿ” ಎಂದರು. ತಂದಿಟ್ಟೆ. ಮುಚ್ಚಳ ತೆಗೆದು ಮೂಸಿ, ಹುಬ್ಬು ಗಂಟಿಕ್ಕಿ, “ಕುಡಿಯೂದರಾಗ ಟಿಂಚರ್ ಯಾಕ ಹಾಕ್ಯಾರ?” ಎಂದು ಕೇಳಿದರು.

“ಹಾಕಿಲ್ಲ ಅತ್ತೆ. ಅದು ಹೊಗೆಯಿಂದ ಬರುತ್ತೆ.”

“ಎಂಥಾ ಹೊಗಿ? ಯಾತಕ್ಕ ಹಾಕ್ತಾರ? ಎಷ್ಟೊತ್ತು?”

ನನಗೆ ಗೊತ್ತಿದ್ದದ್ದು ಲೇಬಲ್ಲಿನ ಮೇಲಿದ್ದಷ್ಟೇ.

“ನಿಮಗ ಗೊತ್ತಿಲ್ಲ ಬಿಡ್ರಿ. ಗೊತ್ತಿದ್ದವರ ಹಂತೇಕ ಕರಕೊಂಡು ಹೋಗ್ರಿ” ಎಂದರು.

ಆ ಶನಿವಾರ ಅತ್ತೆ ಇಳಕಲ್ ಸೀರೆ ಉಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ನನ್ನ ಜೊತೆ ಪಕ್ಕದ ಮನೆಗೆ ನಡೆದರು. ಕುಡಿಯುವುದಿಲ್ಲ, ತಿಳಿದುಕೊಳ್ಳಲು ಬಂದಿದ್ದಾರೆ ಎಂದು ನಾನು ಹೇಳಿದಾಗ ಮೇಷ್ಟ್ರು ಅವರಿಗೊಂದು ಕುರ್ಚಿ ಎಳೆದರು. ಎಂದಿನಂತೆ ನಾಲ್ಕು ಸಾಸರ್ ಕಾದಿದ್ದವು. ಬಾಯಿ ಸ್ವಲ್ಪ ತೆರೆದುಕೊಂಡು ಮೂಸಬೇಕು, ಇಲ್ಲದಿದ್ದರೆ ಮೂಗು ಉರಿಯುತ್ತದೆ ಎಂದು ತೋರಿಸಿಕೊಟ್ಟರು. ಅತ್ತೆ ಒಮ್ಮೆಗೇ ಕಲಿತರು.

ಮೊದಲನೆಯದಕ್ಕೆ, “ಇದು ಟಿಂಚರ್.” ಎರಡನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡು, “ಇದರಾಗ ಹೊಗೀನ ಇಲ್ಲ. ಬೆಲ್ಲ ಐತಿ, ಒಣ ಹುಲ್ಲು ಐತಿ” ಎಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಮೂರನೆಯದು ನೀರು ಹಾಕಿ ಆರಿಸಿದ ಒಲೆ. ನಾಲ್ಕನೆಯದನ್ನು ಮೂಸಿದವರು ಮತ್ತೆ ಮೊದಲನೆಯದಕ್ಕೆ ಹೋದರು. ಎರಡರಿಂದಲೂ ಒಂದೊಂದು ಹನಿ ಎರಡು ಮುಂಗೈಗಳ ಮೇಲೆ ಹಚ್ಚಿಕೊಂಡು, ಉಜ್ಜಿ, ಆರಲು ಬಿಟ್ಟು ಮೂಸಿದರು.

“ಇದೂ ಇದೂ ಒಂದ ಐತಿ. ಈ ಕಡೀದಕ್ಕ ಮದ್ಲ ನೀರು ಬೆರಸ್ಯಾರ.”

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಎರಡು ವರ್ಷದಿಂದ ಆಗಾಗ ಇದೇ ಆಟವನ್ನು ನನ್ನ ಮೇಲೆ ಆಡುತ್ತಿದ್ದರಂತೆ! ನಾನು ಪ್ರತಿಸಲವೂ ಎರಡು ಬೇರೆ ಬೇರೆ ಭಟ್ಟಿಗಳ ಹೆಸರು ಹೇಳುತ್ತಿದ್ದೆ. ನನಗೆ ನಾಚಿಕೆಯಾಯಿತು, ನಗೆಯೂ ಬಂತು. ಹೊಗೆಯಿಲ್ಲದ್ದೂ ಅದೇ ದ್ವೀಪದ್ದೇ, ಅಲ್ಲಿಯೂ ಕೆಲವರು ಹಾಗೆ ಮಾಡುತ್ತಾರೆ ಎಂದು ವಿವರಿಸಿದರು.

ಆಮೇಲೆ ಅತ್ತೆಯ ಪ್ರಶ್ನೆಗಳು ಶುರುವಾದವು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವಾಗ ಹೊಗೆ ಹಾಕುತ್ತಾರೆ ಎಂದಾಗ, “ಕೂಸಿನ ಹಿಟ್ಟಿಗೆ ರಾಗಿ ಮೊಳಕಿ ಕಟ್ಟಿದಂಗ” ಎಂದು ತಲೆಯಾಡಿಸಿದರು. ಸುಡುವುದು ಕಟ್ಟಿಗೆಯಲ್ಲ, ಪೀಟ್ ಎಂಬ ಮಣ್ಣು ಎಂದಾಗ ಮಾತ್ರ ನಂಬಲಿಲ್ಲ. “ಮಣ್ಣು ಹೆಂಗ ಸುಡತೈತಿ?”

ಮೇಷ್ಟ್ರು ಗ್ಯಾರೇಜಿಗೆ ಹೋಗಿ ಕಂದು ಬಣ್ಣದ ಹೆಂಟೆಯೊಂದನ್ನು ತಂದರು. ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಕೊಳೆತು ಆದದ್ದು. ಹಿತ್ತಲಿನಲ್ಲಿ ಇಟ್ಟಿಗೆಯೊಂದರ ಮೇಲೆ ಅದರ ಚೂರನ್ನಿಟ್ಟು ಹೊತ್ತಿಸಿದರು. ಅದು ಉರಿಯದೆ ನೀಲಿ ಹೊಗೆ ಬಿಡುತ್ತ ಕೂತಿತು. ಅತ್ತೆ ಬಗ್ಗಿ ಉಸಿರೆಳೆದು, “ಕಾರ್ಬಾಲಿಕ್! ವಾರ್ಡ್ ತೊಳೀತಿದ್ವಲ್ಲ, ಅದ” ಎಂದರು. ಆ ರಾತ್ರಿ ಮನೆಗೆ ಬಂದ ಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆಸ್ಪತ್ರೆಯ ಕಾರ್ಬಾಲಿಕ್ ಎಂದರೆ ಫೀನಾಲ್. ಪೀಟ್ ಹೊಗೆಯಲ್ಲಿರುವುದೂ ಅದೇ ಮತ್ತು ಅದರ ಬಳಗ.

“ಇವರ ಮನ್ಯಾಗ ಯಾರು ಈ ಕೆಲಸ ಮಾಡ್ತಿದ್ರು, ಕೇಳ್ರಿ” ಎಂದು ಅಲ್ಲೇ ಹೊಗೆಯ ಮುಂದೆ ನಿಂತು ಅತ್ತೆ ನನಗೆ ಹೇಳಿದರು. ಎರಡು ವರ್ಷದಲ್ಲಿ ನಾನು ಇದನ್ನೊಮ್ಮೆಯೂ ಕೇಳಿರಲಿಲ್ಲ. ಅಪ್ಪ, ಎಂದರು ಮೇಷ್ಟ್ರು. ಅಪ್ಪ ಬಾರ್ಲಿ ಒಣಗಿಸುವ ಗೂಡಿನಲ್ಲಿ ದುಡಿಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ತಾಯಿ ಅವರ ಕೋಟನ್ನು ಒಗೆಯಲಿಲ್ಲ. ಆ ವಾಸನೆ ಪೂರ್ತಿ ಹೋಗಲು ನಾಲ್ಕು ವರ್ಷ ಬೇಕಾಯಿತು. ನಾನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಅತ್ತೆಗೆ ಅರ್ಥವಾಗಿತ್ತು. ಹೊಗೆ ಆರುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು.

ಅವತ್ತು ಹೊರಡುವ ಮುನ್ನ ಅತ್ತೆ ಎರಡನೇ ಗ್ಲಾಸಿನಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡು ಸಿಂಕಿನಲ್ಲಿ ಉಗುಳಿದರು. ಅನುಭವಸ್ಥರೂ ಹೀಗೇ ಮಾಡುತ್ತಾರೆ ಎಂದರು ಮೇಷ್ಟ್ರು. ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ, “ಅವ್ವಾ, ನೀನೂನಾ?” ಎಂದು ಬಾಯಿ ಬಿಟ್ಟಳು.

“ನಾ ನುಂಗಿಲ್ಲ. ಆದ್ರ ಅವರು ಎರಡು ಚಮಚಾಕ್ಕ ಎರಡು ತಾಸು ಕೂಡ್ತಾರವಾ. ಹಂಗ ಕುಡಿಯೋರು ನಮ್ಮ ವಾರ್ಡಿಗೆ ಒಬ್ಬರೂ ಬಂದಿದ್ದಿಲ್ಲ.”

ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಬರುವ ಆ ಶನಿವಾರವನ್ನು ಅತ್ತೆ ಒಮ್ಮೆಯೂ ತಪ್ಪಿಸಲಿಲ್ಲ. ಅವರು ಊರಿಗೆ ಹೋದ ಮೇಲೆ ನಾನು ವಿಸ್ಕಿಯ ವಾಸನೆ ಬಗ್ಗೆ ಬೇರೆಯವರು ಬರೆದ ವರ್ಣನೆ ಓದುವುದನ್ನು ಬಿಟ್ಟು, ನನ್ನ ಮೂಗಿಗೆ ಬಂದದ್ದನ್ನು ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ. ಮೊನ್ನೆ ಒಂದು ಗ್ಲಾಸಿನಲ್ಲಿ ಒದ್ದೆ ಸೀಮೆಸುಣ್ಣದ ವಾಸನೆ ಸಿಕ್ಕಿತು. ಮೇಷ್ಟ್ರು ಒಪ್ಪಲಿಲ್ಲ. ಒಳಗೆ ಹೋಗಿ ಎಲ್ಲಿಂದಲೋ ಒಂದು ಚಾಕ್‌ಪೀಸ್ ಹುಡುಕಿ ತಂದು, ನೀರಿನಲ್ಲಿ ಅದ್ದಿ ಮೂಸಿದರು. ಆಮೇಲೆ ಗ್ಲಾಸನ್ನು ಮೂಸಿದರು. ಮತ್ತೆ ಚಾಕ್‌ಪೀಸ್.

“ಹೌದಲ್ಲ” ಎಂದರು.