ಮುನಿಯಮ್ಮನ ಬಾಣಲೆಯ ಸುಣ್ಣ

ನಿನ್ನೆ ಬಸ್ಸಿನಲ್ಲಿ ಯಾರದೋ ಬುಟ್ಟಿಯಿಂದ ಬೆಂದ ರೇಷ್ಮೆಹುಳುವಿನ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯ ಅನ್ನ ಉಂಡವನು ನಾನು.

ಎರಡನೇ ಮಹಾಯುದ್ಧದ ಕಾಲದಲ್ಲಿ ಮುಳಬಾಗಿಲಿನಲ್ಲಿ ಒಂದು ರೇಷ್ಮೆ ಬಿಚ್ಚುವ ಅಂಗಡಿಗೆ ನಾನು ಮೇಸ್ತ್ರಿಯಾಗಿದ್ದೆ. ಮೇಸ್ತ್ರಿ ಎಂದರೆ ಕೆಲಸ ಬಾರದವನು, ಬರುವವರನ್ನು ಬೈಯುವವನು. ಸಾಲು ಒಲೆ, ಒಂದೊಂದರ ಮೇಲೂ ತಾಮ್ರದ ಬಾಣಲೆ, ಬಿಸಿನೀರಿನಲ್ಲಿ ರೇಷ್ಮೆಗೂಡು. ನೀರು ಹದವಾಗಿ ಕಾದರೆ ಅದರಲ್ಲಿ ಕೈಯಾಡಿಸಿದಾಗ ಎಳೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಸೌದೆಗೋ ಆಗ ಎಲ್ಲೆಲ್ಲೂ ಅಭಾವ. ಅಂಥದ್ದರಲ್ಲಿ ದೇವರಾಯಸಮುದ್ರದ ಮುನಿಯಮ್ಮನ ಒಲೆ ಮಾತ್ರ ಉಳಿದವರಿಗಿಂತ ಹೆಚ್ಚು ಸೌದೆ ನುಂಗುತ್ತಿತ್ತು. ಮನೆಗೆ ಸಾಗಿಸುತ್ತಾಳೆ ಎಂದು ಸಾಹುಕಾರರ ಕಿವಿಗೆ ಹಾಕಿದವನು ನಾನೇ. ಅವಳನ್ನು ಕೆಲಸದಿಂದ ಬಿಡಿಸಿಬಿಡು ಎಂದರು. ಹೋಗಿ ಹೇಳಿದೆ.

"ನಾನೇನು ಸೌದೆ ತಿಂತೀನೇನಪ್ಪಾ ಮೇಸ್ತ್ರಿ? ಚೂಡು, ಇಲ್ಲಿ ನೋಡು, ಬಾಣ್ಲೆ ಒಳಗೆ ಗೋಡೆ ಕಟ್ಟೈತೆ. ಬೆಂಕಿ ಈಚೆ, ನೀರು ಆಚೆ!"

ನೋಡಿದೆ. ಅಂಗಡಿಯಲ್ಲೇ ಹಳೆಯ ಬಾಣಲೆ ಅವಳದು. ಬಾವಿಯ ಗಡಸು ನೀರಿನ ಸುಣ್ಣ ರೊಟ್ಟಿಯ ದಪ್ಪಕ್ಕೆ ಕೂತಿತ್ತು. ಅದನ್ನು ಕೆರೆಯಬಾರದೆಂದು ಕಟ್ಟಪ್ಪಣೆ ಮಾಡಿದ್ದವನೂ ನಾನೇ. ಸುಣ್ಣ ಬಿಸಿಯನ್ನು ಹಿಡಿದಿಡುತ್ತದೆ ಎಂಬುದು ನನ್ನ ವಿಜ್ಞಾನ.

"ಇಡಿದಿಡ್ತದೆ ಸಾಮಿ. ಒಲೆ ಒಳಗೇ," ಎಂದಳು.

ಅಷ್ಟಕ್ಕೆ ಬಿಡಲಿಲ್ಲ. ತನ್ನ ಬಾಣಲೆ, ಪಕ್ಕದ ಹೊಸ ಬಾಣಲೆ, ಎರಡಕ್ಕೂ ಒಂದೊಂದು ಕೊಡ ನೀರು ಹುಯ್ದಳು. ಸೌದೆಯನ್ನು ನನ್ನಿಂದಲೇ ತೂಗಿಸಿ ಎರಡೂ ಒಲೆಗೆ ಸಮನಾಗಿ ಹಾಕಿಸಿದಳು. ಎರಡರಲ್ಲೂ ನಾಲ್ಕು ನಾಲ್ಕು ಗೂಡು. ಹೊಸದರಲ್ಲಿ ಎಳೆ ಬಿಟ್ಟಾಗ ಇವಳದರಲ್ಲಿ ಗೂಡುಗಳು ಸುಮ್ಮನೆ ತೇಲುತ್ತಿದ್ದವು. ಆಮೇಲೆ ಹುಣಸೆಹುಳಿ ಹಾಕಿ ಕುದಿಸಿ, ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕೆರೆದು, ಮತ್ತೆ ಅದೇ ಅಳತೆಯಲ್ಲಿ ಕಾಯಿಸಿದಳು. ಈ ಸಲ ಎರಡೂ ಸರಿಸಮ.

ಅಷ್ಟರಲ್ಲಿ ಸಾಹುಕಾರರು ಬಂದರು. ಸಂಗತಿ ಕೇಳಿ ಖುಷಿಯಾಗಿ, "ಯಾವೋನ್ಲಾ ಇದನ್ನ ಕಂಡಿಡ್ದಿದ್ದು?" ಎಂದರು.

"ನಾನೇ ಸಾಮಿ," ಎಂದೆ. ಕೆಲಸ ಅವಳದು, ಬಾಯಿ ನನ್ನದು.

"ಬೇಷ್! ಅಂಗಾದ್ರೆ ಆವಮ್ಮ ಇರ್ಲಿ ಬಿಡು."

ಅವರು ಹೋದ ಮೇಲೆ ಮುನಿಯಮ್ಮ ನನ್ನ ಮುಖವನ್ನೂ ನೋಡಲಿಲ್ಲ. "ಕೆಲ್ಸ ಉಳೀತು, ಓಗ್ಲಿ. ಆ ಕಡೆ ನಿಂತ್ಕೋ ಮೇಸ್ತ್ರಿ, ಗಾಳಿ ಬರ್ಲಿ."

ಇಷ್ಟು ವರ್ಷ ಈ ಕಥೆಯನ್ನು ಹೇಳುವಾಗಲೆಲ್ಲ ಪರೀಕ್ಷೆ ಮಾಡಿದವನು ನಾನು ಎಂದೇ ಹೇಳಿಕೊಂಡು ಬಂದಿದ್ದೇನೆ. ಮನೆಯವರೆಲ್ಲ ನಂಬಿದ್ದಾರೆ. ಇವತ್ತು ಮಗಳನ್ನು ಕೂರಿಸಿಕೊಂಡು ನಡೆದದ್ದನ್ನು ನಡೆದಂತೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ದಿನಾ ಆ ನೀರಲ್ಲಿ ಕೈ ಇಟ್ರೆ ಅವ್ರಿಗೆ ಸುಡ್ತಿರ್ಲಿಲ್ವಾ ಅಪ್ಪಾ?"

ಗೊತ್ತಿಲ್ಲ. ನಾನು ಒಂದು ದಿನವೂ ಕೇಳಿರಲಿಲ್ಲ.